ಹೆರಿಗೆಯ ಸ್ಥಳನಿರ್ಣಯ: ಮನೆ, ಆಸ್ಪತ್ರೆ ಮತ್ತು ಪೂರ್ವಸಿದ್ಧತೆ

1

ಮನುಷ್ಯನು ಹುಟ್ಟುವ ಸ್ಥಳವು ಮನೆಯಿಂದ ಆಸ್ಪತ್ರೆಗೆ ಬದಲಾದುದು ನಮ್ಮ ನಾಡಿನ ದೊಡ್ಡ ಸಾಮಾಜಿಕ ಪರಿವರ್ತನೆಗಳಲ್ಲೊಂದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2005-06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 65 ಆಸ್ಪತ್ರೆಗಳಲ್ಲಿ ನಡೆದಿದ್ದುವು; 2019-21ರ ಸಮೀಕ್ಷೆಯಲ್ಲಿ ಈ ಪ್ರಮಾಣವು 97ಕ್ಕೆ ಏರಿತು. ಇಡೀ ಭಾರತದಲ್ಲಿ ಇದೇ ಅವಧಿಯಲ್ಲಿ 38.7ರಿಂದ 88.6ಕ್ಕೆ ಏರಿತು. ಒಂದು ತಲೆಮಾರಿನೊಳಗೆ ಇಷ್ಟು ವೇಗವಾಗಿ ಬದಲಾದ ಗೃಹಾಚಾರ ಮತ್ತೊಂದು ಇರಲಾರದು.

ಈ ಬದಲಾವಣೆಯನ್ನು ಕೆಲವರು ಕೇವಲ ಲಾಭವೆಂದೂ, ಕೆಲವರು ಕೇವಲ ನಷ್ಟವೆಂದೂ ಬಗೆಯುವುದುಂಟು. ಮನೆಯ ಹೆರಿಗೆ ಸಹಜವೆಂದೂ ಆಸ್ಪತ್ರೆಯದು ಕೃತಕವೆಂದೂ ಒಂದು ಪಕ್ಷ; ಮನೆಯದು ಅಜ್ಞಾನವೆಂದೂ ಆಸ್ಪತ್ರೆಯದು ವಿಜ್ಞಾನವೆಂದೂ ಮತ್ತೊಂದು ಪಕ್ಷ. ಇವೆರಡೂ ಸಾಲವು. ಹೆರಿಗೆಯ ಸುರಕ್ಷತೆ ಯಾವುದರಿಂದ ಉಂಟಾಗುತ್ತದೆ, ಅದರಲ್ಲಿ ಸ್ಥಳದ ಪಾಲೆಷ್ಟು, ಸಿದ್ಧತೆಯ ಪಾಲೆಷ್ಟು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

2

ಮೊದಲು ಮನೆಯ ಹೆರಿಗೆಯ ಸ್ವರೂಪವನ್ನು ನೋಡೋಣ. ನಮ್ಮಲ್ಲಿ ಚೊಚ್ಚಲು ಹೆರಿಗೆಗೆ ಹೆಣ್ಣು ತವರಿಗೆ ಬರುವುದು ಬಹುಕಾಲದ ರೂಢಿ. ಸೀಮಂತ ಅಥವಾ ಕುಬಸದ ಶಾಸ್ತ್ರ ಮುಗಿದ ಬಳಿಕ ತಾಯಿ ಮಗಳನ್ನು ಕರೆತರುತ್ತಾಳೆ. ಹೆರಿಗೆಯೂ ಬಾಣಂತನವೂ ಅಲ್ಲಿಯೇ ನಡೆಯುತ್ತವೆ. ಬೇನೆ ತೊಡಗಿದಾಗ ಬರುತ್ತಿದ್ದವಳು ಸೂಲಗಿತ್ತಿ. ಸೂಲು ಎಂದರೆ ಹೆರಿಗೆ. ಸೂಲು ಮಾಡಿಸುವವಳೇ ಸೂಲಗಿತ್ತಿ. ಅವಳು ಹೆರಿಗೆ ಮಾಡಿಸಿ ಹಿಂದಿರುಗುತ್ತಿದ್ದವಳಲ್ಲ. ಮುಂದಿನ ದಿನಗಳಲ್ಲಿ ಮಗುವಿಗೆ ಎಣ್ಣೆ ಹಚ್ಚಿ ಎರೆದು, ಬಾಣಂತಿಯ ಮೈ ನೀವಿ, ಹಾಲು ಬರುವಂತೆ ನೋಡಿ, ಮನೆಯವರ ಭಯವನ್ನು ಕಳೆಯುತ್ತಿದ್ದಳು. ಅವಳಿಗೆ ಸಲ್ಲುತ್ತಿದ್ದುದು ಬಹುಮಟ್ಟಿಗೆ ಒಂದಿಷ್ಟು ಧಾನ್ಯ, ಒಂದು ಸೀರೆ, ಎಲೆಯಡಿಕೆ.

ಈ ಪರಂಪರೆಯ ಕೌಶಲವನ್ನು ಕಡೆಗಣಿಸುವಂತಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ವೈದ್ಯಸೌಕರ್ಯವಿಲ್ಲದ ಹಳ್ಳಿಗಳಲ್ಲಿ ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿದವರೆಂದು ಪ್ರಸಿದ್ಧರು. ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಓದುಬರಹವಿಲ್ಲದ ಒಬ್ಬ ಹೆಣ್ಣುಮಗಳ ಕೈಯಲ್ಲಿದ್ದ ಜ್ಞಾನವನ್ನು ವಿಶ್ವವಿದ್ಯಾನಿಲಯವೊಂದು ಜ್ಞಾನವೆಂದೇ ಮಾನ್ಯಮಾಡಿದುದು ಸಣ್ಣ ಸಂಗತಿಯಲ್ಲ.

ಆದರೆ ಇದೇ ಪರಂಪರೆಯ ಇನ್ನೊಂದು ಮುಖವನ್ನು ಮರೆಮಾಚಲಾಗದು. ಹೆರಿಗೆಗೆ ಪುರುಡೆಂಬ ಮೈಲಿಗೆ ಅಂಟಿಕೊಂಡಿತ್ತು. ಆದುದರಿಂದ ಬಾಣಂತಿಗೆ ಗಾಳಿಬೆಳಕಿಲ್ಲದ ಮೂಲೆ, ಹಾಸಲು ಹಳೆಯ ಬಟ್ಟೆ, ಹೊಕ್ಕುಳಬಳ್ಳಿ ಕೊಯ್ಯಲು ಕೈಗೆ ಸಿಕ್ಕ ಕುಡುಗೋಲು ಅಥವಾ ಬಿದಿರಿನ ಸೀಳು ಒದಗುತ್ತಿದ್ದುವು. ಎಲ್ಲರ ಮಕ್ಕಳನ್ನೂ ಬರಮಾಡಿಕೊಳ್ಳುತ್ತಿದ್ದ ಸೂಲಗಿತ್ತಿ ಅನೇಕ ಕಡೆ ಕೆಳಜಾತಿಯೆನಿಸಿಕೊಂಡವಳು. ಅವಳ ಕೈ ಬೇಕು, ಸಮಪಂಕ್ತಿ ಬೇಡ. ಹೊಕ್ಕುಳಿನ ಗಾಯದ ಮೂಲಕ ಧನುರ್ವಾಯು ತಗುಲಿ ಸತ್ತ ಕೂಸುಗಳಿಗೆ ಲೆಕ್ಕವಿಲ್ಲ. ಶುಚಿಯಾದ ಕೈ, ಶುಚಿಯಾದ ಹಾಸು, ಶುಚಿಯಾದ ಅಲಗು, ಶುಚಿಯಾದ ದಾರ, ಶುಚಿಯಾದ ಹೊಕ್ಕುಳು ಎಂಬ ಐದು ಶುಚಿಗಳ ಉಪದೇಶವೂ ಗರ್ಭಿಣಿಯರಿಗೆ ಕೊಟ್ಟ ಚುಚ್ಚುಮದ್ದೂ ಕೂಡಿ ಈ ರೋಗವನ್ನು ಹಿಮ್ಮೆಟ್ಟಿಸಿದುವು. ತಾಯಂದಿರ ಹಾಗೂ ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲವಾಯಿತೆಂದು ಸಾರಲಾದುದು 2015ರಲ್ಲಿ.

3

ಆಸ್ಪತ್ರೆಯೆಂದೊಡನೆ ಸುರಕ್ಷಿತವೆಂಬುದೂ ಚರಿತ್ರೆಯಿಂದ ಸಿದ್ಧವಾಗುವ ಮಾತಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ವಿದ್ಯಾರ್ಥಿಗಳ ವಿಭಾಗದಲ್ಲಿ ಸೂತಿಕಾಜ್ವರದಿಂದ ಸಾಯುತ್ತಿದ್ದ ತಾಯಂದಿರು ಮತ್ತೊಂದರಲ್ಲಿ ಸಾಯುತ್ತಿದ್ದವರ ಎರಡು ಮೂರು ಪಾಲಿನಷ್ಟಿದ್ದರು. ಬಡ ಹೆಂಗಸರು ಆ ವಿಭಾಗಕ್ಕೆ ತಮ್ಮನ್ನು ಸೇರಿಸಬೇಡಿರೆಂದು ಅಂಗಲಾಚುತ್ತಿದ್ದರು.

ಕಾರಣವನ್ನು ಕಂಡವನು ಇಗ್ನಾಜ್ ಸೆಮ್ಮೆಲ್ವೈಸ್. ವಿದ್ಯಾರ್ಥಿಗಳು ಶವಚ್ಛೇದನ ಮಾಡಿದ ಕೈಗಳಿಂದಲೇ ಹೆರುವ ಹೆಂಗಸರನ್ನು ಪರೀಕ್ಷಿಸುತ್ತಿದ್ದರು. 1847ರ ಮೇ ತಿಂಗಳಿನಲ್ಲಿ, ಕ್ಲೋರಿನ್ ಬೆರೆತ ಸುಣ್ಣದ ದ್ರಾವಣದಲ್ಲಿ ಕೈ ತೊಳೆದಲ್ಲದೆ ಯಾರೂ ಒಳಬರಕೂಡದೆಂದು ಆತನು ವಿಧಿಸಿದನು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನಲ್ಲಿ ನೂರಕ್ಕೆ 2ರ ಸಮೀಪಕ್ಕೆ ಇಳಿಯಿತು. ಸ್ಥಳ ಬದಲಾಗಲಿಲ್ಲ, ಕಟ್ಟಡ ಬದಲಾಗಲಿಲ್ಲ. ಕೈ ಶುಚಿಯಾಯಿತು, ಅಷ್ಟೆ. ಮೈಲಿಗೆಯ ಮೂಲೆಯಲ್ಲಿ ಹೆತ್ತ ನಮ್ಮ ಹೆಂಗಸೂ ವಿಯೆನ್ನಾದ ವಿಭಾಗದಲ್ಲಿ ಹೆತ್ತ ಹೆಂಗಸೂ ಸತ್ತುದು ಬಹುಮಟ್ಟಿಗೆ ಒಂದೇ ಕಾರಣದಿಂದ ಎಂಬುದು ಗಮನಾರ್ಹ.

ಮುಂದೆ ಕ್ರಿಮಿನಾಶಕ ವಿಧಾನ, ರಕ್ತ ಪೂರಣ, 1930ರ ದಶಕದಲ್ಲಿ ಬಂದ ಸಲ್ಫಾ ಔಷಧಗಳು, ಬಳಿಕ ಪೆನಿಸಿಲಿನ್ ಇವು ಆಸ್ಪತ್ರೆಯನ್ನು ನಿಜವಾಗಿ ಸುರಕ್ಷಿತಗೊಳಿಸಿದುವು. ನಮ್ಮಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿಯೂ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿಯೂ ತೆರೆದುವು. ಆದರೆ ಹಳ್ಳಿಯ ಹೆಣ್ಣಿಗೆ ಇವು ಬಹುಕಾಲ ದೂರದ ಮಾತಾಗಿಯೇ ಉಳಿದುವು. 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆಯ ಧನಸಹಾಯ, ಆಶಾ ಕಾರ್ಯಕರ್ತೆಯರ ನೇಮಕ, 2008ರಲ್ಲಿ ಕರ್ನಾಟಕಕ್ಕೆ ಬಂದ 108 ಆಂಬುಲೆನ್ಸ್ ಸೇವೆ ಇವೆಲ್ಲ ಕೂಡಿದ ಮೇಲೆ ಆಸ್ಪತ್ರೆಯ ದಾರಿ ಹಳ್ಳಿಗೂ ತೆರೆಯಿತು. ಬಾಣಂತಿಗೂ ಮಗುವಿಗೂ ಬೇಕಾದ ಸಾಮಗ್ರಿಗಳನ್ನು ಕೊಡುವ ರಾಜ್ಯದ ಯೋಜನೆಗೆ ‘ಮಡಿಲು’ ಎಂದು ಹೆಸರಿಟ್ಟುದು ಅರ್ಥವತ್ತಾದುದು: ತವರು ತುಂಬುತ್ತಿದ್ದ ಮಡಿಲನ್ನು ಈಗ ಸರ್ಕಾರವೂ ತುಂಬತೊಡಗಿತು.

4

ಹಾಗಾದರೆ ಆಸ್ಪತ್ರೆ ಕೊಡುವುದಾದರೂ ಏನನ್ನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಕಾಲವನ್ನು. ಇದಕ್ಕೆ ಹೆರಿಗೆಯ ನಂತರದ ರಕ್ತಸ್ರಾವವೇ ಸ್ಪಷ್ಟವಾದ ನಿದರ್ಶನ. ತುಂಬು ಗರ್ಭದಲ್ಲಿ ಗರ್ಭಕೋಶಕ್ಕೆ ನಿಮಿಷವೊಂದಕ್ಕೆ ಅರ್ಧ ಲೀಟರಿಗೂ ಮೀರಿ ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದೊಡನೆ ಗರ್ಭಕೋಶದ ಸ್ನಾಯುಗಳು ಬಿಗಿದು, ತೆರೆದ ರಕ್ತನಾಳಗಳನ್ನು ಅದುಮಿ ಹಿಡಿಯಬೇಕು. ಅದು ಬಿಗಿಯದಿದ್ದರೆ, ಅತ್ತ ಬೇನೆ ಸುಗಮವಾಗಿ ಮುಗಿದು ಮಗು ಅಳುತ್ತಿರುವಾಗಲೇ ಇತ್ತ ತಾಯಿಯ ಪ್ರಾಣ ಕೆಲವೇ ಗಂಟೆಗಳಲ್ಲಿ ಹೋಗಬಹುದು. ತಾಯಿ ಮೊದಲೇ ರಕ್ತಹೀನಳಾಗಿದ್ದರೆ ತಾಳುವ ಶಕ್ತಿ ಇನ್ನೂ ಕಡಮೆ. 2019-21ರ ಸಮೀಕ್ಷೆಯಲ್ಲಿ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರೆಂದು ಕಂಡುಬಂದಿತು.

ಈ ವಿಷಯದಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ನಡೆದ ಸಂಶೋಧನೆಯೊಂದು ಲೋಕಪ್ರಸಿದ್ಧವಾಗಿದೆ. ಅಲ್ಲಿನ ಗ್ರಾಮಾಂತರ ಪ್ರದೇಶದಲ್ಲಿ ಮನೆಗಳಲ್ಲಿಯೂ ಉಪಕೇಂದ್ರಗಳಲ್ಲಿಯೂ ಹೆತ್ತ 1620 ಮಂದಿ ತಾಯಂದಿರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಆರೋಗ್ಯ ಸಹಾಯಕಿಯರ ಕೈಯಿಂದ ಮಿಸೊಪ್ರೊಸ್ಟಾಲ್ ಮಾತ್ರೆಗಳನ್ನು ಕೊಡಿಸಲಾಯಿತು. ಇನ್ನೊಂದು ಗುಂಪಿಗೆ ಔಷಧವಿಲ್ಲದ, ನೋಡಲು ಅಂಥವೇ ಆದ ಮಾತ್ರೆಗಳು. ಅಧಿಕ ರಕ್ತಸ್ರಾವವು ಎರಡನೆಯ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ಉಂಟಾದರೆ ಔಷಧ ಪಡೆದವರಲ್ಲಿ 6.4 ಮಂದಿಗೆ ಮಾತ್ರ ಉಂಟಾಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ ಒಂದು ತತ್ತ್ವವನ್ನು ಸಿದ್ಧಪಡಿಸಿತು: ತರಬೇತಾದ ಕೈಯೂ ಸರಿಯಾದ ಔಷಧವೂ ಇದ್ದರೆ ಮನೆಯಲ್ಲಿಯೂ ಅಪಾಯವನ್ನು ಅರ್ಧಕ್ಕೆ ಇಳಿಸಬಹುದು. ಆದರೆ ಉಳಿದ ಅರ್ಧವೂ ಉಂಟು. ಅದಕ್ಕೆ ರಕ್ತ, ಶಸ್ತ್ರವೈದ್ಯ, ಅರಿವಳಿಕೆ ಇವು ಬೇಕು. ಇವು ಮನೆಯಲ್ಲಿ ದೊರೆಯುವುವಲ್ಲ.

ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿರುತ್ತವೆಂದು 1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬ ವಿದ್ವಾಂಸರು ವಿವರಿಸಿದರು: ಹೋಗಬೇಕೆಂದು ನಿಶ್ಚಯಿಸುವುದರಲ್ಲಿ ವಿಳಂಬ, ದಾರಿಯಲ್ಲಿ ವಿಳಂಬ, ಆಸ್ಪತ್ರೆ ತಲುಪಿದ ಮೇಲೆ ಚಿಕಿತ್ಸೆಯಲ್ಲಿ ವಿಳಂಬ. ಮೊದಲನೆಯದು ಮನೆಯೊಳಗಿನದು. ಗಂಡ ಊರಿನಲ್ಲಿಲ್ಲ, ಮಾವನನ್ನು ಕೇಳಬೇಕು, ಬೆಳಗಾಗಲಿ ನೋಡೋಣ ಎಂಬ ಮಾತುಗಳಲ್ಲಿಯೇ ಜೀವ ಹೋಗಬಹುದು.

5

ಮನೆಯ ಹೆರಿಗೆಯನ್ನು ಇಂದಿಗೂ ಮಾನ್ಯಮಾಡುವ ದೇಶಗಳುಂಟಲ್ಲವೆ ಎಂದು ಕೇಳಬಹುದು. ಉಂಟು. ಇಂಗ್ಲೆಂಡಿನಲ್ಲಿ ಅಪಾಯದ ಲಕ್ಷಣಗಳಿಲ್ಲದ 64,000ಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಹಿಂದೆ ಹೆತ್ತಿದ್ದ ತಾಯಂದಿರಲ್ಲಿ ಮನೆಗೂ ಆಸ್ಪತ್ರೆಗೂ ಮಗುವಿನ ಕ್ಷೇಮದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಚೊಚ್ಚಲು ಹೆರಿಗೆಯನ್ನು ಮನೆಯಲ್ಲಿ ಯೋಜಿಸಿದವರಲ್ಲಿ ಮಗುವಿಗೆ ಗಂಭೀರ ತೊಂದರೆ ಸಾವಿರಕ್ಕೆ 9.3ರಷ್ಟು, ವೈದ್ಯರ ಮೇಲ್ವಿಚಾರಣೆಯ ಆಸ್ಪತ್ರೆ ವಿಭಾಗಗಳಲ್ಲಿ 5.3. ಅಷ್ಟೇ ಅಲ್ಲ, ಮನೆಯಲ್ಲಿ ಹೆರಲು ನಿಶ್ಚಯಿಸಿದ್ದ ಚೊಚ್ಚಲು ತಾಯಂದಿರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು.

ಈ ಅಂಕಿಗಳನ್ನು ನಮ್ಮ ಪರಿಸ್ಥಿತಿಗೆ ಹಾಗೆಯೇ ಅನ್ವಯಿಸಲಾಗದು. ಅಲ್ಲಿ ಮನೆಗೆ ಬರುವವಳು ಪದವಿ ಪಡೆದು ನೋಂದಾಯಿತಳಾದ ಸೂಲಗಿತ್ತಿ. ಅವಳ ಬಳಿ ಔಷಧವುಂಟು. ಅವಳ ಹಿಂದೆ ಕರೆದರೆ ಬರುವ ವಾಹನವೂ ಸಿದ್ಧವಾದ ಆಸ್ಪತ್ರೆಯೂ ಉಂಟು. ಈ ಬೆಂಬಲವಿಲ್ಲದೆ ಮನೆಯಲ್ಲಿ ಹೆರುವುದಕ್ಕೂ ಅದಕ್ಕೂ ಹೆಸರಿನಲ್ಲಿ ಮಾತ್ರ ಸಾಮ್ಯ. ಭಾರತ ಸರ್ಕಾರವು 2018ರಲ್ಲಿ ತರಬೇತಾದ ಸೂಲಗಿತ್ತಿಯರ ಸೇವೆಗೆ ಮಾರ್ಗಸೂಚಿಗಳನ್ನು ಹೊರಡಿಸಿತಾದರೂ ಅದರ ಗುರಿ ಆಸ್ಪತ್ರೆಯೊಳಗೆ ಆ ಸೇವೆಯನ್ನು ಒದಗಿಸುವುದು. ಆದುದರಿಂದ ನಮ್ಮಲ್ಲಿ ಆಸ್ಪತ್ರೆಯ ಆಯ್ಕೆಯೇ ಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಚೊಚ್ಚಲಿಗಂತೂ ಅದು ಅವಶ್ಯಕ.

6

ಆದರೆ ಹೊಸ್ತಿಲು ದಾಟಿದ ಮಾತ್ರಕ್ಕೆ ಕಾರ್ಯ ಮುಗಿಯಿತೆನ್ನುವಂತಿಲ್ಲ. ಕರ್ನಾಟಕದ ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರವೊಂದರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ಪಟ್ಟಿಯನ್ನು ಪ್ರಯೋಗಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಪ್ರತಿ ಹೆರಿಗೆಯಲ್ಲಿ ನಡೆಯಬೇಕಾದ 29 ಕ್ರಮಗಳ ಪೈಕಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದುವೆಂದೂ ಪಟ್ಟಿ ಬಂದ ಮೇಲೆ 25 ನಡೆದುವೆಂದೂ ತೋರಿಸಿತು. ಇದರಿಂದ ಉತ್ತೇಜಿತರಾಗಿ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ಅದನ್ನೇ ಪ್ರಯೋಗಿಸಿದಾಗ, 2017ರ ವರದಿಯ ಪ್ರಕಾರ, ಕ್ರಮಗಳು ಸುಧಾರಿಸಿದರೂ ಸಾವಿನ ಪ್ರಮಾಣ ಇಳಿಯಲಿಲ್ಲ. ಪಟ್ಟಿಯ ಜೊತೆಗೆ ರಕ್ತ, ಔಷಧ, ಕುಶಲ ಸಿಬ್ಬಂದಿ ಇವೂ ಇರಬೇಕೆಂಬುದೇ ಇದರಿಂದ ಹೊರಡುವ ಪಾಠ.

ಕೊರತೆಯಂತೆ ಅತಿರೇಕವೂ ದೋಷವೇ. 2019-21ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 31.5 ಶಸ್ತ್ರಕ್ರಿಯೆಯಿಂದ ಆದುವು. ಇಡೀ ಭಾರತವನ್ನು ತೆಗೆದುಕೊಂಡರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ನೂರಕ್ಕೆ 14.3, ಖಾಸಗಿ ಆಸ್ಪತ್ರೆಗಳಲ್ಲಿ 47.4. ಜನಸಮುದಾಯವೊಂದರಲ್ಲಿ ಈ ಪ್ರಮಾಣ ನೂರಕ್ಕೆ ಹತ್ತನ್ನು ಮೀರಿದ ಮೇಲೆ ಅದರಿಂದ ಸಾವು ಮತ್ತೂ ಇಳಿಯುವುದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ನಡುವಣ ಇಷ್ಟು ದೊಡ್ಡ ಅಂತರಕ್ಕೆ ತಾಯಿಯ ದೇಹಸ್ಥಿತಿಯೊಂದೇ ಕಾರಣವೆಂದು ನಂಬುವುದು ಕಷ್ಟ.

ಮನೆ ಕೊಡುತ್ತಿದ್ದ ಇನ್ನೊಂದನ್ನು ಆಸ್ಪತ್ರೆ ಬಹುಕಾಲ ಕೊಡಲಿಲ್ಲ: ಬಳಿಯಲ್ಲಿ ತನ್ನವಳೆಂಬ ಒಬ್ಬಳು. ಹೆರುವಾಗ ಜೊತೆಗೊಬ್ಬರಿದ್ದರೆ ಸಹಜ ಹೆರಿಗೆಯ ಸಂಭವ ಹೆಚ್ಚುವುದೆಂದು ಅಧ್ಯಯನಗಳು ತೋರಿಸಿವೆ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಅವಕಾಶ ನೀಡಿತು. ಸೂಲಗಿತ್ತಿ ಬೆನ್ನು ನೀವುತ್ತ ಆಡುತ್ತಿದ್ದ ಧೈರ್ಯದ ಮಾತು ಬರಿಯ ಮಮತೆಯಲ್ಲ, ಚಿಕಿತ್ಸೆಯ ಒಂದು ಅಂಗವೇ ಆಗಿತ್ತೆಂದು ಈಗ ತಿಳಿಯುತ್ತಿದೆ.

7

ಇನ್ನು ಪೂರ್ವಸಿದ್ಧತೆ. ಬೇನೆ ಬರುವ ಮುನ್ನವೇ ಮನೆಯವರು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಗಳು ಕೆಲವಿವೆ. ಗರ್ಭಿಣಿಯ ರಕ್ತದ ಗುಂಪು ಯಾವುದು, ಹಿಮೊಗ್ಲೋಬಿನ್ ಎಷ್ಟು? ಹೋಗಬೇಕಾದ ಆಸ್ಪತ್ರೆ ಯಾವುದು, ಅಲ್ಲಿ ಶಸ್ತ್ರಕ್ರಿಯೆಗೆ ಅನುಕೂಲವುಂಟೇ, ಇಲ್ಲದಿದ್ದರೆ ಮುಂದಿನದು ಎಷ್ಟು ದೂರ? ರಾತ್ರಿ ವಾಹನ ಯಾರದು? ಅಗತ್ಯ ಬಿದ್ದರೆ ರಕ್ತ ಕೊಡುವವರು ಯಾರು? ಹಣ ಎಲ್ಲಿದೆ? ಜೊತೆಯಲ್ಲಿರುವವರು ಯಾರು? ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಸೆಳವು, ಜ್ವರ, ನೀರು ಒಡೆಯುವುದು, ಮಗುವಿನ ಚಲನೆ ಕುಂದುವುದು ಇವು ಕಂಡೊಡನೆ ಯಾರ ಅಪ್ಪಣೆಗೂ ಕಾಯದೆ ಹೊರಡಬೇಕೆಂಬ ನಿಶ್ಚಯವನ್ನು ಮೊದಲೇ ಮಾಡಿರಬೇಕು.

ತವರಿಗೆ ಬರುವ ರೂಢಿಯಿಂದ ನಮ್ಮಲ್ಲಿ ಒಂದು ವಿಶೇಷ ತೊಡಕುಂಟು. ಏಳು ತಿಂಗಳು ಗಂಡನ ಊರಿನಲ್ಲಿ ನೋಡಿದ ವೈದ್ಯರು ಒಬ್ಬರು, ಹೆರಿಗೆ ಮಾಡಿಸುವವರು ಇನ್ನೊಬ್ಬರು. ಆದುದರಿಂದ ತಾಯಿ ಕಾರ್ಡೂ ಪರೀಕ್ಷೆಗಳ ವರದಿಗಳೂ ಕುಬಸದ ಸೀರೆಯೊಡನೆಯೇ ತವರಿಗೆ ಬರಬೇಕು. ತವರಿಗೆ ಬಂದ ವಾರದಲ್ಲಿಯೇ ಅಲ್ಲಿನ ಆಸ್ಪತ್ರೆಗೆ ಒಮ್ಮೆ ಹೋಗಿಬರಬೇಕು.

ಕರ್ನಾಟಕದಲ್ಲಿ 2004-06ರಲ್ಲಿ ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಈ ಇಳಿತಕ್ಕೆ ಆಸ್ಪತ್ರೆಯೊಂದೇ ಕಾರಣವಲ್ಲ; ಹೆಣ್ಣುಮಕ್ಕಳ ವಿದ್ಯೆ, ತಡವಾದ ಮದುವೆ, ಕಡಮೆಯಾದ ಹೆರಿಗೆಗಳ ಸಂಖ್ಯೆ, ರಸ್ತೆ ಇವೂ ಕಾರಣಗಳು. ಉಳಿದ 69 ಸಾವುಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆತರುವುದೊಂದರಿಂದಲೇ ತಪ್ಪಿಸಲಾಗದು, ಏಕೆಂದರೆ ಬಹುಮಟ್ಟಿಗೆ ಎಲ್ಲರೂ ಈಗಾಗಲೇ ಆಸ್ಪತ್ರೆಗೆ ಬಂದಿದ್ದಾರೆ. ಹೆರಿಗೆ ಎಲ್ಲಿ ಎಂಬ ಪ್ರಶ್ನೆಗೆ ನಮ್ಮ ನಾಡು ಉತ್ತರ ಕೊಟ್ಟಾಗಿದೆ. ಹೇಗೆ ಎಂಬ ಪ್ರಶ್ನೆ ಉಳಿದಿದೆ. ವಿಯೆನ್ನಾದ ವೈದ್ಯನು ಕಲಿಸಿದ ಶುಚಿಯೂ ಪಾವಗಡದ ಸೂಲಗಿತ್ತಿಯಲ್ಲಿದ್ದ ತಾಳ್ಮೆಯೂ ಒಂದೇ ಕೋಣೆಯಲ್ಲಿ ಕೂಡಿದಾಗ ಅದಕ್ಕೆ ಸರಿಯಾದ ಉತ್ತರ ದೊರೆತೀತು.