ನಿಮಗಿದು ಗೊತ್ತೇ? ಬಿಸಿಲೇ ಬರೆಯುವ ಫೋಟೊ

● ಗದಗ, ಲಕ್ಕುಂಡಿ, ಡಂಬಳದ ಗುಡಿಗಳು 1850ರ ದಶಕದಲ್ಲೇ ಫೋಟೊ ತೆಗೆಸಿಕೊಂಡಿವೆ! ಮುಂಬೈ ಸರ್ಕಾರದ ಪರವಾಗಿ ಮೊದಲು ಥಾಮಸ್ ಬಿಗ್ಸ್, ಆಮೇಲೆ ಡಾ. ಪಿಗೌ ಧಾರವಾಡ ಸೀಮೆ ಸುತ್ತಿದರು. 1866ರಲ್ಲಿ ಲಂಡನ್ನಿನಲ್ಲಿ ಬಂದ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಪುಸ್ತಕದ ಹಾಳೆಗಳಿಗೆ ಅಸಲಿ ಫೋಟೊಗಳನ್ನೇ ಅಂಟಿಸಿದ್ದರು.

● ಆ ಕಾಲದ ಫೋಟೊ ಕಾಗದಕ್ಕೆ ಬಳಿಯುತ್ತಿದ್ದುದು ಮೊಟ್ಟೆಯ ಬಿಳಿ ಲೋಳೆ. ಜರ್ಮನಿಯ ಡ್ರೆಸ್ಡೆನ್ನಿನ ಒಂದೇ ಕಾರ್ಖಾನೆ ದಿನಕ್ಕೆ 60,000 ಮೊಟ್ಟೆ ಒಡೆಯುತ್ತಿತ್ತು.

● ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ಸೆರೆಹಿಡಿದದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು.

● 1851ರ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ತಟ್ಟೆ ಹಸಿ ಇರುವಾಗಲೇ ಫೋಟೊ ತೆಗೆದು ತೊಳೆಯಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ? ದೇವರೇ ಗತಿ.

● ಮೊಬೈಲ್ ಕಾಲದಲ್ಲೂ ಕಲಾವಿದರು ಈ ಹಳೆಯ ವಿಧಾನಗಳಿಗೆ ಮರಳುತ್ತಿದ್ದಾರೆ. ಒಂದು ಪ್ರತಿಯಂತೆ ಇನ್ನೊಂದು ಬರದಿರುವುದೇ ಅವರಿಗೆ ಬೇಕಾದದ್ದು. ನೆರೆಯ ಗೋವಾದಲ್ಲಿ ಇದನ್ನು ಕಲಿಸುವ ಕೇಂದ್ರವೂ ಇದೆ.

● ಎಲ್ಲಕ್ಕಿಂತ ಸುಲಭ, ಅಗ್ಗ: ಸಯನೋಟೈಪ್. 1842ರಲ್ಲಿ ಇದನ್ನು ಕಂಡುಹಿಡಿದವರು ಜಾನ್ ಹರ್ಷೆಲ್. ಕಟ್ಟಡದ ನೀಲಿನಕ್ಷೆಗಳು ಬಂದದ್ದೂ ಈ ದಾರಿಯಲ್ಲೇ. ಕ್ಯಾಮೆರಾವೂ ಬೇಡ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್‌ಗಳ ದ್ರಾವಣ ಬೆರೆಸಿ, ಮಬ್ಬು ಬೆಳಕಿನಲ್ಲಿ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ. ಮೇಲೆ ಬೇವಿನ ಎಸಳಿಟ್ಟು ಗಾಜು ಮುಚ್ಚಿ ಬಿಸಿಲಿಗೆ ಹಿಡಿಯಿರಿ. ಹಸಿರುಹಳದಿ ಬಣ್ಣ ಕಂಚಿನ ಬೂದಿಗೆ ತಿರುಗಿದರೆ ಆಯಿತು. ನೀರಲ್ಲಿ ಜಾಲಿಸಿದರೆ ಕಡುನೀಲಿಯ ನಡುವೆ ಬೆಳ್ಳಗೆ ಎಲೆ ಮೂಡುತ್ತದೆ.

● ಕಾಗದವೇ ಆಗಬೇಕೆಂದಿಲ್ಲ. ಶಿಗ್ಲಿ, ಬೆಟಗೇರಿ ಮಗ್ಗದ ಹತ್ತಿಬಟ್ಟೆಗೂ ಈ ನೀಲಿ ಹಿಡಿಯುತ್ತದೆ. ಆದರೆ ನೂಲಿನ ಗಂಜಿಯನ್ನು ಮೊದಲು ಒಗೆದು ತೆಗೆಯಬೇಕು. ಮಗ್ಗವಿದ್ದ ಊರಿನ ಹುಡುಗರು ಇದಕ್ಕೆ ಕೈಹಾಕದಿದ್ದರೆ ಇನ್ಯಾರು ಹಾಕಬೇಕು?

● ಈ ನೀಲಿಗೆ ಕ್ಷಾರ ಆಗಿಬರದು. ಬೋರ್‌ವೆಲ್‌ನ ಸವಳು ನೀರಾದರೆ ತೊಳೆಯುವಾಗ ನಾಲ್ಕು ಹನಿ ನಿಂಬೆರಸ ಹಿಂಡಿ. ಸೋಪು, ಸೋಡಾ ಮುಟ್ಟಿಸಬೇಡಿ. ಚಿತ್ರ ಬಿಸಿಲಿಗೆ ಮಾಸಿದರೆ ಕೆಲ ದಿನ ಕತ್ತಲಲ್ಲಿಡಿ, ಬಹಳಷ್ಟು ಬಣ್ಣ ಮರಳುತ್ತದೆ.

● ಮಾಡಿ ನೋಡುವವರಿಗೆ ಒಂದು ಮಾತು: ಕೈಗವಸು ಹಾಕಿಕೊಳ್ಳಿ, ಅಡುಗೆಮನೆಯ ಪಾತ್ರೆ ಬಳಸಬೇಡಿ, ಫೆರಿಸಯನೈಡ್‌ನ ಹತ್ತಿರ ತೀಕ್ಷ್ಣ ಆಮ್ಲ ಸುಳಿಯಗೊಡಬೇಡಿ.