ಹದಿಮೂರು ವಸಾಹತುಗಳು, ಒಂದೇ ಖಾತೆ

ಜುಲೈ 4 ಬಂತೆಂದರೆ ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು, ಮೊಮ್ಮಕ್ಕಳು ಬಾಣಬಿರುಸುಗಳ ಚಿತ್ರಗಳನ್ನು ಕಳುಹಿಸುತ್ತಾರೆ. 1776ರ ಆ ದಿನದಂದು ಒಂದು ರಾಷ್ಟ್ರವೇ ಜನ್ಮತಾಳಿತೆಂದು ನಾವೆಲ್ಲ ಓದಿದವರು. ಆದರೆ ಪದವಿಗಾಗಿ ಇತಿಹಾಸವನ್ನು ಓದಿ, ಆನಂತರದ ಬದುಕನ್ನು ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ಕಳೆದ ನಮಗೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಅಂದು ಹೊರಬಿದ್ದದ್ದು ಒಂದು ಘೋಷಣೆ. ರಾಷ್ಟ್ರವು ರೂಪುಗೊಂಡದ್ದು ಅದರ ಮುಂದಿನ ಹದಿನೈದು ವರ್ಷಗಳಲ್ಲಿ, ಯುದ್ಧದ ಸಾಲವನ್ನು ಯಾರು ತೀರಿಸಬೇಕೆಂಬ ದೊಡ್ಡ ವಿವಾದದ ನಡುವೆ.

ಬೇರೆ ಬೇರೆ ನೆಲೆಗಳು

1607ರಲ್ಲಿ ಜೇಮ್ಸ್‌ಟೌನ್‌ನಲ್ಲಿ ಇಂಗ್ಲಿಷರ ಮೊದಲ ಸ್ಥಿರ ನೆಲೆಯನ್ನು ಸ್ಥಾಪಿಸಿದ್ದು ಲಂಡನ್ನಿನ ಷೇರುದಾರರ ಹಣದಿಂದ ನಡೆಯುತ್ತಿದ್ದ ವರ್ಜೀನಿಯಾ ಕಂಪೆನಿ. ನಿರೀಕ್ಷಿಸಿದ ಚಿನ್ನ ಸಿಗಲಿಲ್ಲ, ಕೈಹಿಡಿದದ್ದು ಹೊಗೆಸೊಪ್ಪು. 1619ರಲ್ಲಿ ಅಲ್ಲಿ ಜನಪ್ರತಿನಿಧಿಗಳ ಸಭೆಯೊಂದು ಮೊದಲ ಬಾರಿಗೆ ಸೇರಿತು. ಅದೇ ವರ್ಷ, ಆಫ್ರಿಕದಿಂದ ಸೆರೆಹಿಡಿದು ತಂದ ಕೆಲವರನ್ನು ಅದೇ ವರ್ಜೀನಿಯಾದಲ್ಲಿ ಮಾರಲಾಯಿತು.

1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಉತ್ತರದ ಪ್ಲಿಮತ್‌ಗೆ ಬಂದ 102 ಮಂದಿ ತಮ್ಮ ಧರ್ಮಶ್ರದ್ಧೆಗೆ, ಬದುಕಿಗೆ ನೆಲೆ ಹುಡುಕಿದವರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲಿಯೇ ತೀರಿಕೊಂಡರು. ಉಳಿದವರಿಗೆ ಮೆಕ್ಕೆಜೋಳ ಬೆಳೆಯುವುದನ್ನು ಕಲಿಸಿದವರು ಮೂಲನಿವಾಸಿಗಳು. ಅದೇ ಮೂಲನಿವಾಸಿಗಳು ಮುಂದೆ ತಮ್ಮ ನೆಲವನ್ನು ಕಳೆದುಕೊಂಡರೆಂಬುದನ್ನು ಮರೆಯುವಂತಿಲ್ಲ. 1681ರಲ್ಲಿ ವಿಲಿಯಂ ಪೆನ್ ಕ್ವೇಕರ್ ಪಂಥದವರಿಗಾಗಿ ಪೆನ್ಸಿಲ್ವೇನಿಯಾವನ್ನು ಪಡೆದನು. 1733ರಲ್ಲಿ ಜಾರ್ಜಿಯಾ ನೆಲೆಗೊಳ್ಳುವುದರೊಂದಿಗೆ ವಸಾಹತುಗಳ ಸಂಖ್ಯೆ ಹದಿಮೂರಾಯಿತು.

ಇವುಗಳ ನಡುವೆ ಒಗ್ಗಟ್ಟೆಂಬುದಿರಲಿಲ್ಲ. 1754ರಲ್ಲಿ ಆಲ್ಬನಿ ನಗರದ ಸಭೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಕ್ಕೂಟದ ಯೋಜನೆಯೊಂದನ್ನು ಮುಂದಿಟ್ಟಾಗ ಒಂದು ವಸಾಹತಾದರೂ ಅದನ್ನು ಅಂಗೀಕರಿಸಲಿಲ್ಲ.

ತೆರಿಗೆಯ ಕಿಡಿ

ಫ್ರೆಂಚರೊಡನೆ ನಡೆದ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ಸಾಲ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಆ ಹೊರೆಯ ಒಂದು ಪಾಲನ್ನು ವಸಾಹತುಗಳು ಹೊರಲೆಂದು ಪಾರ್ಲಿಮೆಂಟು 1765ರಲ್ಲಿ ಸ್ಟಾಂಪ್ ಶಾಸನವನ್ನು ತಂದಿತು. ಪ್ರಾತಿನಿಧ್ಯವಿಲ್ಲದ ಸಭೆ ತಮ್ಮ ಮೇಲೆ ತೆರಿಗೆ ಹೇರುವಂತಿಲ್ಲವೆಂಬುದು ವಸಾಹತುಗಳ ವಾದ. ಮರುವರ್ಷವೇ ಆ ಶಾಸನ ರದ್ದಾಯಿತಾದರೂ ಬೇರೆ ಸುಂಕಗಳು ಬಂದವು.

1773ರ ಚಹಾ ಶಾಸನ, ನಷ್ಟದಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯನ್ನು ಉಳಿಸಲು ಮಾಡಿದ್ದು. ಅದರಿಂದ ಚಹಾ ಅಗ್ಗವಾಗುತ್ತಿತ್ತು. ಆದರೂ ಬಾಸ್ಟನ್ನಿನ ಜನ ಆ ವರ್ಷದ ಡಿಸೆಂಬರ್ 16ರಂದು 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಸುಂಕ ಸಲ್ಲಿಸಿದರೆ ಪಾರ್ಲಿಮೆಂಟಿನ ಹಕ್ಕನ್ನು ಒಪ್ಪಿದಂತಾಗುವುದೆಂಬುದೇ ಅವರ ಆತಂಕ. ಕೋಪಗೊಂಡ ಬ್ರಿಟನ್ ಬಾಸ್ಟನ್ ಬಂದರನ್ನು ಮುಚ್ಚಿಸಿತು. 1774ರಲ್ಲಿ ಫಿಲಡೆಲ್ಫಿಯಾದಲ್ಲಿ ವಸಾಹತುಗಳ ಮೊದಲ ಕಾಂಗ್ರೆಸ್ ಸೇರಿತು. ಮರುವರ್ಷ ಯುದ್ಧ ಆರಂಭವಾಯಿತು.

ಈ ಯುದ್ಧಕ್ಕೂ ನಮ್ಮ ನಾಡಿಗೂ ನಂಟುಂಟು. ಆಗಲೇ ಮೈಸೂರಿನ ಹೈದರಾಲಿಯೂ ಇಂಗ್ಲಿಷರ ವಿರುದ್ಧ ಹೋರಾಡುತ್ತಿದ್ದನು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ನೌಕೆಯೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿಗೆ ಅವನ ಹೆಸರನ್ನೇ ಇಡಲಾಗಿತ್ತು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ನನಿಗೂ ಫ್ರೆಂಚರಿಗೂ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನು.

ಗೆದ್ದ ಮೇಲಿನ ಸಾಲ

1783ರ ಪ್ಯಾರಿಸ್ ಒಪ್ಪಂದದಿಂದ ಸ್ವಾತಂತ್ರ್ಯವೇನೋ ಬಂತು. ಆದರೆ ಬೊಕ್ಕಸ ಬರಿದಾಗಿತ್ತು. ಕಾಂಗ್ರೆಸ್ ಅಚ್ಚು ಹಾಕಿಸಿದ್ದ ಕಾಗದದ ಹಣ ಬೆಲೆ ಕಳೆದುಕೊಂಡಿತ್ತು. ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್ಸಿಗೆ ಇರಲಿಲ್ಲ. ಆಮದಿನ ಮೇಲೆ ಶೇಕಡಾ 5ರ ಸುಂಕಕ್ಕೆ ಹದಿಮೂರೂ ರಾಜ್ಯಗಳ ಒಪ್ಪಿಗೆ ಬೇಕಿತ್ತು. 1782ರಲ್ಲಿ ಪುಟ್ಟ ರೋಡ್ ಐಲೆಂಡ್ ಒಂದೇ ಒಲ್ಲೆನೆಂದಿತು, ಯೋಜನೆ ಬಿದ್ದುಹೋಯಿತು.

ಸಂಬಳದ ಬದಲು ಸಾಲಪತ್ರಗಳನ್ನು ಪಡೆದ ಸೈನಿಕರು ಹೊಟ್ಟೆಪಾಡಿಗಾಗಿ ಅವನ್ನು ಸಿಕ್ಕ ಬೆಲೆಗೆ ಮಾರಿದರು. ಮ್ಯಾಸಚೂಸೆಟ್ಸ್ ರಾಜ್ಯ ತನ್ನ ಸಾಲ ತೀರಿಸಲು ಹಾಕಿದ ತೆರಿಗೆಯ ಭಾರಕ್ಕೆ ಅಲ್ಲಿನ ರೈತರು ಕುಸಿದರು. 1786ರಲ್ಲಿ ಡೇನಿಯಲ್ ಶೇಸ್ ಎಂಬ ಮಾಜಿ ಸೇನಾನಿಯೂ ಅವನ ಜೊತೆಗಾರರೂ ಜಪ್ತಿಯ ತೀರ್ಪು ನೀಡುವ ನ್ಯಾಯಾಲಯಗಳನ್ನೇ ಮುಚ್ಚಿಸಿದರು. ಈ ದಂಗೆಯ ಭೀತಿಯಲ್ಲಿಯೇ 1787ರಲ್ಲಿ ಫಿಲಡೆಲ್ಫಿಯಾದಲ್ಲಿ 55 ಪ್ರತಿನಿಧಿಗಳು ಸೇರಿ, ತೆರಿಗೆಯ ಅಧಿಕಾರವುಳ್ಳ ಕೇಂದ್ರಕ್ಕೆ ಸಂವಿಧಾನ ರಚಿಸಿದರು.

ಖಾತೆಗಳ ವಿಲೀನ

ಮೊದಲ ಹಣಕಾಸು ಸಚಿವ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1790ರಲ್ಲಿ ಕೇಂದ್ರದ ಸುಮಾರು 5 ಕೋಟಿ 40 ಲಕ್ಷ ಡಾಲರ್ ಸಾಲದ ಜೊತೆಗೆ ರಾಜ್ಯಗಳ ಸುಮಾರು 2 ಕೋಟಿ 50 ಲಕ್ಷ ಡಾಲರ್ ಸಾಲವನ್ನೂ ಕೇಂದ್ರವೇ ವಹಿಸಿಕೊಳ್ಳಬೇಕೆಂದನು. ತನ್ನ ಸಾಲದ ಬಹುಪಾಲನ್ನು ತೀರಿಸಿದ್ದ ವರ್ಜೀನಿಯಾ ಪ್ರತಿಭಟಿಸಿತು. ಪತ್ರ ಮಾರಿಕೊಂಡ ಬಡ ಸೈನಿಕರಿಗೂ ಪಾಲು ಸಿಗಲೆಂದು ಮ್ಯಾಡಿಸನ್ ವಾದಿಸಿದರೂ ಸಭೆ ಒಪ್ಪಲಿಲ್ಲ. ಪೂರ್ಣ ಮೊತ್ತ ಪತ್ರವಿದ್ದವರ ಪಾಲಾಯಿತು. ಕೊನೆಗೆ ಜೆಫರ್ಸನ್ ಮನೆಯ ಊಟದ ಮೇಜಿನಲ್ಲಿ ರಾಜಿಯಾಯಿತು: ಸಾಲ ಕೇಂದ್ರಕ್ಕೆ, ರಾಜಧಾನಿ ದಕ್ಷಿಣದ ಪೊಟೊಮ್ಯಾಕ್ ನದಿಯ ದಡಕ್ಕೆ. ಇಂದಿನ ವಾಷಿಂಗ್ಟನ್ ನಗರ ಆ ರಾಜಿಯ ಫಲ.

ಅಂದಿನಿಂದ ಸಾಲ ಕೊಟ್ಟವರೆಲ್ಲರೂ ಕೇಂದ್ರ ಉಳಿಯಲೆಂದು ಬಯಸುವಂತಾಯಿತು. 1803ರಲ್ಲಿ 1 ಕೋಟಿ 50 ಲಕ್ಷ ಡಾಲರಿಗೆ ಲೂಯಿಸಿಯಾನಾವನ್ನು ಕೊಂಡು ದೇಶದ ವಿಸ್ತಾರವನ್ನು ಇಮ್ಮಡಿಗೊಳಿಸಿದಾಗ ಅದರ ಸಾಲಪತ್ರಗಳನ್ನು ಯುರೋಪಿನ ಬ್ಯಾಂಕುಗಳು ಸ್ವೀಕರಿಸಿದವು. ಪತ್ತು ಗಳಿಸಿದವನಿಗೆ ಸಾಲ ಸಿಗುವುದೆಂಬುದು ನಮ್ಮ ವೃತ್ತಿಯಲ್ಲಿ ದಿನವೂ ಕಾಣುವ ಸಂಗತಿಯಷ್ಟೇ.

ಆದರೆ ಆ ಸಂವಿಧಾನದಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಪ್ರತಿನಿಧಿಗಳ ಸಂಖ್ಯೆಯನ್ನು ನಿರ್ಧರಿಸುವಾಗ ದಾಸ್ಯದಲ್ಲಿದ್ದವರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸಲಾಯಿತು. ಅದರ ಲಾಭ ಅವರ ಒಡೆಯರಿಗೆ, ಅವರಿಗೆ ಮತದ ಹಕ್ಕೂ ಇಲ್ಲ. ರಾಜ್ಯಗಳ ಸಾಲವನ್ನು ಒಂದೇ ಬೇಸಗೆಯಲ್ಲಿ ಇತ್ಯರ್ಥಪಡಿಸಿದ ಜನ ಈ ಅನ್ಯಾಯವನ್ನು ಮುಂದಕ್ಕೆ ತಳ್ಳುತ್ತಲೇ ಹೋದರು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಅದಕ್ಕೆ ಲಕ್ಷಾಂತರ ಪ್ರಾಣಗಳನ್ನು ತೆರಬೇಕಾಯಿತು. ಮೊಮ್ಮಕ್ಕಳು ಜುಲೈ 4ರ ಚಿತ್ರಗಳನ್ನು ಕಳುಹಿಸಿದಾಗ ಈ ಎರಡು ಲೆಕ್ಕಗಳನ್ನೂ ಅವರಿಗೆ ಹೇಳೋಣ.