ಬಿಡಿ ಚಿತ್ರಗಳಲ್ಲಿ ನೀಹಾರಿಕೆ

1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಅವರು ಮಹಾವ್ಯಾಧ ನೀಹಾರಿಕೆಯ ಪ್ರಥಮ ಛಾಯಾಚಿತ್ರವನ್ನು ತೆಗೆದರು. ಅದಕ್ಕೆ ಸುಮಾರು 50 ನಿಮಿಷಗಳ ಕಾಲ ನಕ್ಷತ್ರಗಳನ್ನು ಹಿಂಬಾಲಿಸುವ ದೂರದರ್ಶಕವು ಬೇಕಾಯಿತು. ಅಂತಹ ಯಂತ್ರವಿಲ್ಲದ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಮಕ್ಕಳಿಗೂ ಆ ಚಿತ್ರವು ಇಂದು ಎಟುಕದ ವಸ್ತುವೇನಲ್ಲ.

ಭೂಮಿಯು ತಿರುಗುವುದರಿಂದ ಆಕಾಶವು ಗಂಟೆಗೆ 15 ಡಿಗ್ರಿ ಸರಿದಂತೆ ಕಾಣುತ್ತದೆ; ಕ್ಯಾಮರಾವನ್ನು ಬಹುಹೊತ್ತು ತೆರೆದಿಟ್ಟರೆ ಚುಕ್ಕೆಗಳು ಗೆರೆಗಳಾಗುತ್ತವೆ. ಆದುದರಿಂದ 50 ಮಿಲಿಮೀಟರ್ ಮಸೂರದ ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, 4-5 ಸೆಕೆಂಡುಗಳ 100 ಚಿತ್ರಗಳನ್ನು ತೆಗೆದು, ಗಣಕಯಂತ್ರದಲ್ಲಿ ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಕೂಡಿಸಬೇಕು. ಆಗ ನೀಹಾರಿಕೆಯ ಬೆಳಕು 100 ಪಾಲಾಗುತ್ತದೆ. ಅಡ್ಡಾದಿಡ್ಡಿಯಾಗಿ ಮೂಡುವ ಮಚ್ಚೆಗಳು 10 ಪಾಲು ಮಾತ್ರ.

ನಮ್ಮ ಸೀಮೆಯು 11 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಜನವರಿಯ ರಾತ್ರಿಗಳಲ್ಲಿ ಮಹಾವ್ಯಾಧನು ನೆತ್ತಿಯ ಸಮೀಪಕ್ಕೇ ಬರುತ್ತಾನೆ. ಆದರೆ ನಗರಗಳ ದೀಪಪ್ರಭೆಯು ಹಳ್ಳಿಗಳತ್ತ ಹಬ್ಬುತ್ತಿದೆ. ಅದರಲ್ಲಿ ಮುಳುಗಿದ ನೀಹಾರಿಕೆಯನ್ನು ಸ್ಪಷ್ಟವಾಗಿ ಮೂಡಿಸಲು ಇನ್ನೂ ಹೆಚ್ಚು ಚಿತ್ರಗಳನ್ನು ಕೂಡಿಸಬೇಕಾಗುತ್ತದೆ. ಆ ಬೆಳಕು ಸುಮಾರು 1,300 ವರ್ಷಗಳ ಹಿಂದೆ, ಬಾದಾಮಿಯ ಚಾಲುಕ್ಯರ ಕಾಲದಲ್ಲಿ ಹೊರಟದ್ದು. ಮನೆಯಂಗಳದ ದೀಪವನ್ನು ಒಂದು ತಾಸು ಆರಿಸಿ, ನಮ್ಮ ಮಕ್ಕಳಿಗೆ ಅದನ್ನು ಕನ್ನಡದ ಹೆಸರಿನಿಂದಲೇ ತೋರಿಸೋಣ.